ಮಾತು ಕಲಿಸುತ್ತಿದ್ದ ಮಾಸ್ತರ ನಟನಾದ ಕಥೆ

1959ರಲ್ಲಿ ಲಂಡನ್ನಿನ ನ್ಯಾಯಾಲಯಕ್ಕೆ ಒಂದು ವಿಚಿತ್ರವಾದ ದೂರು ಬಂತು. ಟೆಲಿವಿಷನ್ನಿನಲ್ಲಿ ಹೈಂಜ್ ಕಂಪೆನಿಯ ಡಬ್ಬಿ ಬೀನ್ಸಿನ ಜಾಹೀರಾತು ಬರುತ್ತಿದೆ. ಅದರಲ್ಲಿ ಕೇಳಿಸುವ ಸ್ವರ ನನ್ನದು, ಆದರೆ ಮಾತಾಡಿದವನು ನಾನಲ್ಲ ಎಂಬುದು ದೂರಿನ ಸಾರಾಂಶ. ದೂರು ಕೊಟ್ಟವನು ಸ್ಕಾಟ್ಲೆಂಡಿನ ನಟ ಅಲೆಸ್ಟರ್ ಸಿಮ್. ಅವನ ಸ್ವರವನ್ನು ಅನುಕರಿಸಿದವನೂ ಸಾಮಾನ್ಯನಲ್ಲ, ರಾನ್ ಮೂಡಿ ಎಂಬ ನಟ. ಮುಂದೆ ಡಿಕನ್ಸನ ‘ಆಲಿವರ್’ ಕಥೆಯ ಸಂಗೀತ ನಾಟಕದಲ್ಲೂ ಚಿತ್ರದಲ್ಲೂ ಮುದುಕ ಫ್ಯಾಗಿನ್ ಆಗಿ ಲೋಕಪ್ರಸಿದ್ಧನಾದವನು.

ಸಿಮ್‌ಗೆ ಸಿಟ್ಟು ಬಂದುದು ದುಡ್ಡು ಸಿಗಲಿಲ್ಲವೆಂದಲ್ಲ. ಇಷ್ಟು ದೊಡ್ಡ ನಟ ಬೀನ್ಸು ಮಾರುವುದಕ್ಕೆ ತನ್ನ ಸ್ವರವನ್ನು ಕೊಟ್ಟನಲ್ಲಾ ಎಂದು ಜನ ತಿಳಿಯುತ್ತಾರೆ, ಅದು ತನಗೆ ಮಾನನಷ್ಟ ಎಂಬುದು ಅವನ ವಾದ. ನ್ಯಾಯಾಧೀಶರು ಸಹಾನುಭೂತಿಯಿಂದ ಕೇಳಿದರು. ಒಬ್ಬನ ಸ್ವರವನ್ನು ಇನ್ನೊಬ್ಬ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸಬಹುದು ಎಂದಾದರೆ ಅದು ಕಾನೂನಿನ ದೊಡ್ಡ ಕೊರತೆಯೇ ಸರಿ ಎಂಬ ಅರ್ಥದ ಮಾತನ್ನೂ ಹೇಳಿದರು. ಆದರೆ ಜಾಹೀರಾತಿಗೆ ತಡೆಯಾಜ್ಞೆಯನ್ನು ಮಾತ್ರ ಕೊಡಲಿಲ್ಲ. ಮೇಲ್ಮನವಿಯಲ್ಲಿಯೂ ಅದೇ ಗತಿಯಾಯಿತು. ಮನುಷ್ಯನ ಸ್ವರ ಯಾರ ಸೊತ್ತು ಎಂಬ ಪ್ರಶ್ನೆ ಅಲ್ಲಿಗೆ ಉಳಿಯಿತು. ಕಂಪ್ಯೂಟರು ಯಾರ ಸ್ವರವನ್ನಾದರೂ ಎರಡು ನಿಮಿಷದಲ್ಲಿ ಕದ್ದು ಮಾತಾಡಿಸುವ ಈ ದಿನಗಳಲ್ಲಿ ಕಾನೂನು ಪಂಡಿತರು ಆ ಹಳೆಯ ಮೊಕದ್ದಮೆಯನ್ನು ಮತ್ತೆ ಬಿಡಿಸಿ ಓದಿದರೆ ಆಶ್ಚರ್ಯವಿಲ್ಲ.

ನಾಯಕನಟನಲ್ಲದ, ಮುಖದಲ್ಲಿ ಚೆಲುವೆಂಬುದಿಲ್ಲದ, ಮೂವತ್ತನೆಯ ವಯಸ್ಸಿಗೇ ತಲೆ ಬೋಳಾಗಿದ್ದ ಈ ಮನುಷ್ಯನ ಸ್ವರಕ್ಕೆ ಅಷ್ಟು ಬೆಲೆ ಹೇಗೆ ಬಂತು? ಅದನ್ನು ತಿಳಿಯಬೇಕಾದರೆ ಅವನ ತಾಯಿಯಿಂದ ಸುರು ಮಾಡುವುದು ಲೇಸು.

ದರ್ಜಿಯ ಮಗ

ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ ಎಗ್ ಎಂಬ ಒಂದು ಪುಟ್ಟ ದ್ವೀಪವಿದೆ. ಸಿಮ್‌ನ ತಾಯಿ ಇಸಬೆಲ್ಲಾ ಅಲ್ಲಿಯವಳು. ಅವಳ ಮನೆಮಾತು ಗೇಲಿಕ್. ಎಳೆಯ ಪ್ರಾಯದಲ್ಲಿ ಅವಳು ದ್ವೀಪ ಬಿಟ್ಟು ದಡಕ್ಕೆ ಬಂದಾಗ ಇಂಗ್ಲಿಷಿನ ಗಂಧವೂ ಇರಲಿಲ್ಲವಂತೆ. ಇಂಗ್ಲಿಷರ ನಾಡಿನ ಪಕ್ಕದಲ್ಲೇ ಇಂಗ್ಲಿಷು ಬಾರದವರಿದ್ದರೇ ಎಂದು ನಮ್ಮ ಮಕ್ಕಳು ಕೇಳುವುದುಂಟು. ಇದ್ದರು. 1901ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಬಲ್ಲವರು ಎರಡು ಲಕ್ಷಕ್ಕೂ ಹೆಚ್ಚು. 2011ರಲ್ಲಿ ಅದು ಐವತ್ತೇಳು ಸಾವಿರದ ಹತ್ತಿರಕ್ಕೆ ಇಳಿದಿತ್ತು. ಈ ಲೆಕ್ಕವನ್ನು ಓದುವಾಗ ಗಡಿನಾಡಿನ ಶಾಲೆಯಲ್ಲಿ ವರ್ಷವರ್ಷವೂ ಹಾಜರಿ ಪುಸ್ತಕ ಬರೆಯುವ ನನ್ನಂಥವನಿಗೆ ಏನನಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಸಬೆಲ್ಲಾ ಎಡಿನ್‌ಬರೋ ನಗರದ ಒಬ್ಬ ದರ್ಜಿಯನ್ನು ಮದುವೆಯಾದಳು. ಲೋದಿಯನ್ ರಸ್ತೆಯಲ್ಲಿ ಅವರ ವಾಸ. ನಾಲ್ವರು ಮಕ್ಕಳಲ್ಲಿ ಕೊನೆಯವನಾಗಿ 1900ರ ಅಕ್ಟೋಬರ್ 9ರಂದು ಅಲೆಸ್ಟರ್ ಹುಟ್ಟಿದ. ಹದಿನಾಲ್ಕಕ್ಕೆ ಶಾಲೆ ಮುಗಿಯಿತು. ಅಪ್ಪನ ಅಂಗಡಿಯ ಓಡಾಟದ ಕೆಲಸ, ಆಮೇಲೆ ಇನ್ನೊಂದು ಬಟ್ಟೆಯಂಗಡಿಯಲ್ಲಿ ನೌಕರಿ. ಗಿರಾಕಿಗಳ ಅಳತೆ ತೆಗೆಯುವುದರಲ್ಲಿ ಹುಡುಗನಿಗೆ ಎಳ್ಳಷ್ಟೂ ಆಸಕ್ತಿಯಿರಲಿಲ್ಲ. ರಸಾಯನ ಶಾಸ್ತ್ರ ಕಲಿಯುವುದಕ್ಕೆ ಎಡಿನ್‌ಬರೋ ವಿಶ್ವವಿದ್ಯಾನಿಲಯ ಸೇರಿದ. ಅಷ್ಟರಲ್ಲಿ 1918. ಸೈನ್ಯದ ತರಬೇತಿಗೆ ಕರೆ ಬಂತು. ತರಬೇತಿ ಮುಗಿಯುವ ಮೊದಲೇ ಯುದ್ಧ ಮುಗಿಯಿತು.

ಮನೆಗೆ ಬಂದವನು, ನಾನಿನ್ನು ಕಾಲೇಜಿಗೆ ಹೋಗುವುದಿಲ್ಲ, ನಟನಾಗುತ್ತೇನೆ ಎಂದ. ಅಂದಿನ ಮರ್ಯಾದಸ್ಥ ಮಧ್ಯಮವರ್ಗದ ಮನೆಯಲ್ಲಿ ಈ ಮಾತಿಗೆ ಎಂಥ ಸ್ವಾಗತ ಸಿಕ್ಕಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮೇಳಕ್ಕೆ ಸೇರುತ್ತೇನೆ ಎಂದ ಹುಡುಗನಿಗೆ ನಮ್ಮೂರಿನ ಹಿರಿಯರು ಕೊಡುತ್ತಿದ್ದ ಉತ್ತರವನ್ನು ನೆನಪಿಸಿಕೊಂಡರೆ ಸಾಕು. ಅಲೆಸ್ಟರ್ ಮನೆ ಬಿಟ್ಟ. ಉತ್ತರದ ಬೆಟ್ಟಸೀಮೆಯಲ್ಲಿ ಕೂಲಿಯಾಳುಗಳೊಡನೆ ಸುಮಾರು ಒಂದು ವರ್ಷ ತಿರುಗಾಡಿದ.

ಮರಳಿ ಬಂದ ಮೇಲೆ ತೆರಿಗೆ ಅಂದಾಜಿನ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಬಿಡುವಿನಲ್ಲಿ ಕವಿತಾ ವಾಚನ. ಎಡಿನ್‌ಬರೋದ ಸ್ಪರ್ಧೆಯೊಂದರಲ್ಲಿ ವಾಚನಕ್ಕೆ ಬಂಗಾರದ ಪದಕ ಬಂತು. ಈ ಪದಕವೇ ಅವನ ಬದುಕನ್ನು ತಿರುಗಿಸಿತು. ಡಾಲ್ರಿ ಎಂಬಲ್ಲಿಯ ತರಬೇತಿ ಕೇಂದ್ರದಲ್ಲಿ ಉಚ್ಚಾರಣೆ ಕಲಿಸುವ ಮಾಸ್ತರನ ಕೆಲಸ ಸಿಕ್ಕಿತು. 1925ರಲ್ಲಿ ನ್ಯೂ ಕಾಲೇಜಿನಲ್ಲಿ ಅದೇ ವಿಷಯದ ಉಪನ್ಯಾಸಕನಾದ. ಅದು ಪಾದ್ರಿಗಳಾಗಬೇಕಾದವರು ಕಲಿಯುವ ಕಾಲೇಜು. ಇಗರ್ಜಿಯ ವೇದಿಕೆಯಲ್ಲಿ ನಿಂತು ಮಾತಾಡುವಾಗ ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಶಬ್ದವನ್ನು ಒತ್ತಬೇಕು, ಕೊನೆಯ ಸಾಲಿನವನಿಗೆ ಕೂಗದೆಯೇ ಕೇಳಿಸುವುದು ಹೇಗೆ ಎಂಬುದನ್ನು ಅವನು ಐದು ವರ್ಷ ಕಲಿಸಿದ. ಇಂಗ್ಲಿಷು ಬಾರದೆ ದಡ ಸೇರಿದ ತಾಯಿಯ ಮಗ ಇಂಗ್ಲಿಷಿನವರಿಗೆ ಇಂಗ್ಲಿಷು ಉಚ್ಚರಿಸಲು ಕಲಿಸಿದ!

ಇದೇ ಕಾಲದಲ್ಲಿ ಮಕ್ಕಳಿಗಾಗಿ ಒಂದು ನಾಟಕ ಶಾಲೆಯನ್ನೂ ನಡೆಸಿದ. ಅಲ್ಲಿ ಕಲಿತ ನವೋಮಿ ಎಂಬ ಹುಡುಗಿ, ಅವನಿಗಿಂತ ಹದಿಮೂರು ವರ್ಷ ಕಿರಿಯಳು, 1932ರಲ್ಲಿ ಅವನ ಹೆಂಡತಿಯಾದಳು. ಅವನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು 1987ರಲ್ಲಿ ಅವಳು ಪ್ರಕಟಿಸಿದ ನೆನಪುಗಳಿಂದ ಬಂದದ್ದು. ಅವನಾಗಿ ಏನನ್ನೂ ಹೇಳಿಕೊಂಡವನಲ್ಲ.

ಮೂವತ್ತಕ್ಕೆ ಮೊದಲ ಪಾತ್ರ

ಕಾಯಂ ಕೆಲಸ, ಗೌರವದ ಹುದ್ದೆ, ಇನ್ನೇನು ಬೇಕು? ನಮ್ಮಲ್ಲಾದರೆ ಪೆನ್ಶನಿನ ಲೆಕ್ಕ ಹಾಕಿ ಸುಮ್ಮನಿರುತ್ತಿದ್ದೆವು. ಜಾನ್ ಡ್ರಿಂಕ್‌ವಾಟರ್ ಎಂಬ ಕವಿ, ನಾಟಕಕಾರ ಇವನ ಕೆಲಸವನ್ನು ಕಂಡು ವೃತ್ತಿನಟನಾಗು ಎಂದು ಹುರಿದುಂಬಿಸಿದ. ಲಂಡನ್ನಿನಲ್ಲಿ ಶಿಫಾರಸನ್ನೂ ಮಾಡಿದ. 1930ರಲ್ಲಿ ಸವಾಯ್ ರಂಗಮಂದಿರದಲ್ಲಿ ‘ಒಥೆಲೋ’. ನಾಯಕನಾಗಿ ಅಮೆರಿಕದ ಕರಿಯ ಗಾಯಕ ನಟ ಪಾಲ್ ರಾಬ್ಸನ್, ಡೆಸ್ಡಿಮೋನಾ ಆಗಿ ಪೆಗಿ ಆಶ್‌ಕ್ರಾಫ್ಟ್. ಅದರಲ್ಲಿ ಸಿಮ್‌ಗೆ ಸಿಕ್ಕಿದ್ದು ದೂತನ ಪಾತ್ರ. ಬಂದು ಸುದ್ದಿ ಹೇಳಿ ಹೋಗುವುದಷ್ಟೆ. ಮೂವತ್ತು ವಯಸ್ಸಿನ ಉಪನ್ಯಾಸಕ ಕುರ್ಚಿ ಬಿಟ್ಟು ಬಂದು ದೂತನಾದ.

ಆಮೇಲೆ ಓಲ್ಡ್ ವಿಕ್‌ನಲ್ಲಿ ಷೇಕ್ಸ್‌ಪಿಯರನ ಸಣ್ಣ ದೊಡ್ಡ ಪಾತ್ರಗಳು. ನಡುವೆ ಬೆನ್ನೆಲುಬಿನ ನೋವು ಬಂದು ದೀರ್ಘಕಾಲ ಮಲಗಿದ್ದೂ ಆಯಿತು. 1935ರಿಂದ ಸಿನೆಮಾ. ಆ ಕಾಲದ ಚಿತ್ರಗಳು ಹೆಚ್ಚಿನವೂ ಆತುರದಲ್ಲಿ, ಅಗ್ಗದಲ್ಲಿ ತಯಾರಾದವು. ಅವುಗಳ ವಿವರ ಇಲ್ಲಿ ಬೇಡ. ಆದರೆ ಅಂಥ ಚಿತ್ರದಲ್ಲಿಯೂ ಐದು ನಿಮಿಷಕ್ಕೆ ಬಂದ ಈ ಬೋಳುತಲೆಯವನನ್ನು ಪ್ರೇಕ್ಷಕರು ಮರೆಯಲಿಲ್ಲ. ದೊಡ್ಡ ಜೋಲು ಕಣ್ಣು, ಯಾರೋ ಸತ್ತ ಸುದ್ದಿ ಹೇಳಬಂದವನ ಮುಖ, ಅದರ ತುದಿಯಲ್ಲಿ ಥಟ್ಟನೆ ಅರಳುವ ಒಂದು ಕಳ್ಳ ನಗೆ. ಸ್ವರವಂತೂ ಬಾವಿಯ ಆಳದಿಂದ ಬಂದು ಮೇಲೆ ಕೊಳಲಾಗುತ್ತದೆ. ನಮ್ಮ ಯಕ್ಷಗಾನದ ಒಳ್ಳೆಯ ಹಾಸ್ಯಗಾರ ನಗಿಸಲು ತಾನು ನಗುವುದಿಲ್ಲವಷ್ಟೆ. ಸಿಮ್‌ನ ರೀತಿಯೂ ಅದುವೇ.

ಈ ಮಾತಿಗೆ 1946ರ ‘ಗ್ರೀನ್ ಫಾರ್ ಡೇಂಜರ್’ ಒಳ್ಳೆಯ ಸಾಕ್ಷಿ. ಯುದ್ಧಕಾಲದ ಆಸ್ಪತ್ರೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ಸಾಯುತ್ತಾನೆ, ಕೊಂದವರು ಯಾರು? ವಿಚಾರಣೆಗೆ ಬರುವ ಇನ್ಸ್‌ಪೆಕ್ಟರ್ ಕಾಕ್ರಿಲ್ ಸಿಮ್. ಈತನಿಗೆ ತನ್ನ ಬುದ್ಧಿಯ ಮೇಲೆ ಮಹಾ ಭರವಸೆ. ಒಂದು ರಾತ್ರಿ ಹಾಸಿಗೆಯಲ್ಲಿ ಪತ್ತೇದಾರಿ ಕಾದಂಬರಿ ಓದುತ್ತಾನೆ. ಕೊಲೆಗಾರ ಯಾರೆಂದು ನನಗೆ ಆಗಲೇ ಗೊತ್ತಾಯಿತು ಎಂಬ ಗತ್ತಿನಲ್ಲಿ ಕೊನೆಯ ಪುಟ ತೆರೆದು ನೋಡುತ್ತಾನೆ. ತಪ್ಪಿದೆ! ಆಗ ಆ ಮುಖದಲ್ಲಿ ಹಾದುಹೋಗುವುದನ್ನು ಬರೆದು ತೋರಿಸಲು ಸಾಧ್ಯವಿಲ್ಲ. ಕೊಲೆಗಾರನ ಹೆಸರನ್ನು ನಾನೂ ಹೇಳುವುದಿಲ್ಲ, ನೋಡದವರು ನೋಡಲಿ.

ಹೆಡ್‌ಮಾಸ್ತರ ಸಿಮ್

ನನ್ನ ಕಸುಬಿನ ಕಾರಣದಿಂದಲೋ ಏನೋ, ಸಿಮ್‌ನ ಪಾತ್ರಗಳಲ್ಲಿ ನನಗೆ ಹೆಚ್ಚು ಪ್ರಿಯವಾದವು ಅವನ ಅಧ್ಯಾಪಕರು. 1950ರ ‘ದ ಹ್ಯಾಪಿಯೆಸ್ಟ್ ಡೇಸ್ ಆಫ್ ಯುವರ್ ಲೈಫ್’ ಚಿತ್ರದಲ್ಲಿ ಆತ ಗಂಡುಹುಡುಗರ ಶಾಲೆಯ ಹೆಡ್‌ಮಾಸ್ತರ. ಸರಕಾರಿ ಕಚೇರಿಯ ಗುಮಾಸ್ತರ ಒಂದು ತಪ್ಪಿನಿಂದ ಹೆಣ್ಣುಮಕ್ಕಳ ಶಾಲೆಯೊಂದು ಪೂರಾ ಇವನ ಶಾಲೆಗೆ ಬಂದು ಇಳಿಯುತ್ತದೆ. ಆ ಶಾಲೆಯ ಹೆಡ್‌ಮಿಸ್ಟ್ರೆಸ್ ಮಾರ್ಗರೆಟ್ ರುದರ್‌ಫರ್ಡ್; ಅವಳೂ ಕಡಿಮೆಯವಳಲ್ಲ. ಹುಡುಗಿಯರ ತಂದೆತಾಯಿಯರು ನೋಡಲು ಬಂದ ದಿನವೇ ಇನ್ನೊಂದು ಶಾಲೆಯ ಆಡಳಿತದವರೂ ಪರಿಶೀಲನೆಗೆ ಬರುತ್ತಾರೆ. ಒಬ್ಬರಿಗೆ ಹುಡುಗರು ಕಾಣಬಾರದು, ಇನ್ನೊಬ್ಬರಿಗೆ ಹುಡುಗಿಯರು ಕಾಣಬಾರದು. ಒಂದು ಕೋಣೆಯಿಂದ ಇನ್ನೊಂದಕ್ಕೆ ತರಗತಿಗಳು ಓಡುತ್ತವೆ, ಸಿಮ್ ಬೆವರು ಒರಸಿಕೊಳ್ಳುತ್ತ ಮಂದಹಾಸ ಬೀರುತ್ತಾನೆ. ಇನ್ಸ್‌ಪೆಕ್ಷನಿನ ದಿನ ಇಲ್ಲದ ಪ್ರಯೋಗಶಾಲೆಯನ್ನು ಇದ್ದಂತೆ ತೋರಿಸಿದ ಯಾವ ಅಧ್ಯಾಪಕನೂ ಈ ದೃಶ್ಯವನ್ನು ತಟಸ್ಥನಾಗಿ ನೋಡಲಾರ.

1954ರಲ್ಲಿ ಇನ್ನೂ ಮುಂದಕ್ಕೆ ಹೋದ. ರೊನಾಲ್ಡ್ ಸರ್ಲ್ ಎಂಬ ವ್ಯಂಗ್ಯಚಿತ್ರಕಾರ ಸೇಂಟ್ ಟ್ರಿನಿಯನ್ಸ್ ಎಂಬ ಒಂದು ಹೆಣ್ಣುಮಕ್ಕಳ ಶಾಲೆಯನ್ನು ಕಲ್ಪಿಸಿದ್ದ. ಈ ಸರ್ಲ್ ಜಪಾನೀಯರ ಕೈದಿಯಾಗಿ ಬರ್ಮಾ ರೈಲುಹಾದಿಯಲ್ಲಿ ದುಡಿದು ಬದುಕಿ ಬಂದವನು. ಅವನ ಹುಡುಗಿಯರು ಮಹಾ ಪುಂಡರು. ಚಿತ್ರವಾದಾಗ ಆ ಶಾಲೆಯ ಹೆಡ್‌ಮಿಸ್ಟ್ರೆಸ್ ಮಿಸ್ ಫ್ರಿಟನ್ ಆಗಿ ಬಂದವನು ಅಲೆಸ್ಟರ್ ಸಿಮ್! ಅವಳ ಸಹೋದರನಾದ ಜೂಜುಕೋರ ಕ್ಲಾರೆನ್ಸನೂ ಅವನೇ. ಗಂಡಸರು ಹೆಣ್ಣುವೇಷ ಹಾಕಿದರೆ ಸಾಮಾನ್ಯವಾಗಿ ಇಂಗ್ಲಿಷ್ ಹಾಸ್ಯದಲ್ಲಿ ಅದು ಗೇಲಿ. ಸಿಮ್ ಗೇಲಿ ಮಾಡಲಿಲ್ಲ. ಸಾಲದಲ್ಲಿ ಮುಳುಗಿದ ಶಾಲೆಯನ್ನು ಹೇಗಾದರೂ ನಡೆಸಬೇಕೆಂಬ, ಘನತೆಯನ್ನು ಬಿಡದ, ಕೊಂಚ ಕಪಟಿಯಾದ ಒಬ್ಬ ಹೆಂಗಸನ್ನು ಆಡಿ ತೋರಿಸಿದ. ಸ್ತ್ರೀವೇಷವೆಂದರೆ ಸೀರೆಯಲ್ಲ, ನಿಲುವು ಎಂದು ನಮ್ಮ ತೆಂಕುತಿಟ್ಟಿನ ಪ್ರೇಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ. ಅವರು ಮಿಸ್ ಫ್ರಿಟನಳನ್ನು ಒಪ್ಪಿಯಾರು ಎಂದು ನನಗೆ ತೋರುತ್ತದೆ.

1960ರ ‘ಸ್ಕೂಲ್ ಫಾರ್ ಸ್ಕೌಂಡ್ರಲ್ಸ್’ನಲ್ಲಿ ಇನ್ನೊಬ್ಬರ ಮೇಲೆ ಮೇಲುಗೈ ಸಾಧಿಸುವ ವಿದ್ಯೆ ಕಲಿಸುವ ಕಾಲೇಜಿನ ಮುಖ್ಯಸ್ಥ. ಅದೂ ಚೆನ್ನಾಗಿದೆ, ಆದರೆ ಮೊದಲಿನ ಎರಡರ ಮಟ್ಟಕ್ಕಿಲ್ಲ.

ಇವೆಲ್ಲ ನಗೆಯ ಮಾಸ್ತರರು. ರಂಗಭೂಮಿಯಲ್ಲಿ ಒಬ್ಬ ಅಳುವ ಮಾಸ್ತರನೂ ಇದ್ದ. ಗ್ಲಾಸ್ಗೋದ ವೈದ್ಯ ಓಸ್ಬರ್ನ್ ಮೇವರ್ ‘ಜೇಮ್ಸ್ ಬ್ರೈಡಿ’ ಎಂಬ ಹೆಸರಿನಲ್ಲಿ ನಾಟಕ ಬರೆಯುತ್ತಿದ್ದ. ಸ್ಕಾಟ್ಲೆಂಡಿನ ಆಧುನಿಕ ರಂಗಭೂಮಿಗೆ ಅವನು ಆಧಾರಸ್ತಂಭ. 1943ರಲ್ಲಿ ಗ್ಲಾಸ್ಗೋದಲ್ಲಿ ಸಿಟಿಜನ್ಸ್ ಥಿಯೇಟರ್ ಸ್ಥಾಪಿಸಿದವರಲ್ಲಿ ಮುಖ್ಯನು. ಅವನಿಗೂ ಸಿಮ್‌ಗೂ ಗಾಢ ಸ್ನೇಹ. ಬ್ರೈಡಿ ಬರೆದದ್ದನ್ನು ಸಿಮ್ ನಿರ್ದೇಶಿಸುವುದು, ಮುಖ್ಯ ಪಾತ್ರವನ್ನೂ ವಹಿಸುವುದು ಎಂಬುದು ವಾಡಿಕೆಯಾಯಿತು. 1943ರ ‘ಮಿಸ್ಟರ್ ಬೋಲ್ಫ್ರಿ’ಯಲ್ಲಿ ಬೆಟ್ಟಸೀಮೆಯ ಪಾದ್ರಿಯ ಮನೆಗೆ ಸೈತಾನನೇ ಪಾದ್ರಿಯ ವೇಷದಲ್ಲಿ ಬಂದು ವಾದಕ್ಕೆ ಕೂರುತ್ತಾನೆ. ಆ ಮನೆಯ ಕಠಿಣ ಪಾದ್ರಿಯಾಗಿ ಸಿಮ್. ಐದು ವರ್ಷ ಪಾದ್ರಿಗಳಿಗೆ ಮಾತು ಕಲಿಸಿದವನಿಗೆ ಅವರ ಗಂಟಲು ಗೊತ್ತಿಲ್ಲದೆ ಇರುತ್ತದೆಯೇ? 1947ರ ‘ಡಾಕ್ಟರ್ ಏಂಜೆಲಸ್’ನಲ್ಲಿ ವಿಷವಿಕ್ಕುವ ವೈದ್ಯ. 1950ರಲ್ಲಿ ‘ಮಿಸ್ಟರ್ ಗಿಲ್ಲಿ’.

ಗಿಲ್ಲಿ ಒಂದು ಹಳ್ಳಿಯ ಶಾಲಾ ಮಾಸ್ತರ. ಮಕ್ಕಳಲ್ಲಿ ಪ್ರತಿಭೆಯನ್ನು ಹುಡುಕಿ ಹೊರಜಗತ್ತಿಗೆ ಕಳಿಸುವುದು ಅವನ ಹುಚ್ಚು. ಕಳಿಸಿದವರಲ್ಲಿ ಒಬ್ಬರೂ ಅವನು ಬಯಸಿದ ಹಾಗೆ ಆಗುವುದಿಲ್ಲ. ಶಾಲೆಯೂ ಕೈಬಿಡುತ್ತದೆ. ಲೋಕದ ಲೆಕ್ಕದಲ್ಲಿ ಪೂರ್ತಿ ಸೋತವನು. ಸತ್ತ ಮೇಲೆ ಪರಲೋಕದಲ್ಲಿ ಅವನ ವಿಚಾರಣೆ. ಈ ಪಾತ್ರವನ್ನು ಸಿಮ್ ಲಂಡನ್ನಿನಲ್ಲಿ ಆಡಿದ. ಮುಂದಿನ ವರ್ಷದ ಜನವರಿಯಲ್ಲಿ ಬ್ರೈಡಿ ತೀರಿಕೊಂಡ. ಈ ನಾಟಕದ ಚಿತ್ರ ಸಿಮ್‌ನದು ಇಲ್ಲವೆಂಬುದು ನಮ್ಮ ನಷ್ಟ. ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದವರು ಅದನ್ನು ನೋಡಬೇಕಾಗಿತ್ತು.

ಸ್ಕ್ರೂಜ್

1951ರಲ್ಲಿ ಡಿಕನ್ಸನ ‘ಕ್ರಿಸ್ಮಸ್ ಕ್ಯಾರೋಲ್’ ಕಥೆ ‘ಸ್ಕ್ರೂಜ್’ ಎಂಬ ಹೆಸರಿನಲ್ಲಿ ಚಿತ್ರವಾಯಿತು. ನಿರ್ದೇಶಕ ಬ್ರಯನ್ ಡೆಸ್ಮಂಡ್ ಹರ್ಸ್ಟ್. ಜಿಪುಣ ಸ್ಕ್ರೂಜನ ಮನಸ್ಸನ್ನು ಒಂದೇ ರಾತ್ರಿಯಲ್ಲಿ ಪ್ರೇತಾತ್ಮಗಳು ತಿರುಗಿಸುವ ಕಥೆ ಎಲ್ಲರಿಗೂ ಗೊತ್ತು. ಇಂಗ್ಲಿಷ್ ತರಗತಿಯಲ್ಲಿ ಅದನ್ನು ಹೇಳುವಾಗ ನನಗೆ ಯಾವಾಗಲೂ ಒಂದು ಅನುಮಾನವಿರುತ್ತಿತ್ತು. ಒಂದು ರಾತ್ರಿಯಲ್ಲಿ ಮನುಷ್ಯ ಬದಲಾಗುತ್ತಾನೆಯೇ? ಮನೆಯ ಕಂಪ್ಯೂಟರಿನಲ್ಲಿ ಈ ಕಪ್ಪುಬಿಳುಪು ಚಿತ್ರವನ್ನು ನೋಡಿದ ಮೇಲೆ ನನ್ನ ಅನುಮಾನ ಬಹಳ ಮಟ್ಟಿಗೆ ಹೋಯಿತು.

ಯಾಕೆಂದರೆ ಸಿಮ್‌ನ ಸ್ಕ್ರೂಜ್ ಮೊದಲಿನಿಂದಲೂ ಕಲ್ಲಲ್ಲ, ಗಾಯವಾದವನು. ಬೈಯುವಾಗಲೂ ಕಣ್ಣಿನಲ್ಲಿ ಎಲ್ಲೋ ಹೆದರಿಕೆ ಕಾಣುತ್ತದೆ. ಕ್ರಿಸ್ಮಸ್ ಬೆಳಗಿನಲ್ಲಿ ಎಚ್ಚರವಾದಾಗ ತಾನಿನ್ನೂ ಬದುಕಿದ್ದೇನೆಂದು ಹುಚ್ಚನಂತೆ ನಗುತ್ತಾನೆ, ತಲೆ ಕೆಳಗಾಗಿ ನಿಲ್ಲುತ್ತಾನೆ. ಮನೆಗೆಲಸದ ಹೆಂಗಸು ಕಿರುಚಿಕೊಂಡು ಓಡುತ್ತಾಳೆ. ಇಲ್ಲಿ ಎಲ್ಲರೂ ನಗುತ್ತಾರೆ. ನನಗೆ ಹೆಚ್ಚು ನೆನಪಾಗಿ ಉಳಿದದ್ದು ಆಮೇಲಿನ ಇನ್ನೊಂದು. ವರ್ಷಗಟ್ಟಲೆ ದೂರವಿಟ್ಟಿದ್ದ ಸೋದರಳಿಯನ ಮನೆಗೆ ಸ್ಕ್ರೂಜ್ ಹೋಗುತ್ತಾನೆ. ಒಳಗೆ ಹಾಡು ನಡೆದಿದೆ. ಬಾಗಿಲ ಬಳಿ ನಿಂತವನಿಗೆ ಒಳಹೋಗುವ ಧೈರ್ಯ ಬರುವುದಿಲ್ಲ. ಬಾಗಿಲು ತೆರೆದ ಕೆಲಸದ ಹುಡುಗಿಯ ಕಡೆ ತಿರುಗಿ ನೋಡುತ್ತಾನೆ. ಅವಳು, ಹೋಗಿ ಎಂಬಂತೆ ಸುಮ್ಮನೆ ತಲೆಯಾಡಿಸುತ್ತಾಳೆ. ಮಾತೇ ಇಲ್ಲ. ಸ್ವರಕ್ಕೆ ಹೆಸರಾದ ನಟನ ಅತ್ಯುತ್ತಮ ಕ್ಷಣದಲ್ಲಿ ಅವನಿಗೆ ಒಂದು ಶಬ್ದವೂ ಇಲ್ಲ!

ಅಮೆರಿಕದಲ್ಲಿ ಈ ಚಿತ್ರ ಮೊದಮೊದಲು ಅಷ್ಟೇನೂ ನಡೆಯಲಿಲ್ಲ. ಟೆಲಿವಿಷನಿನಲ್ಲಿ ವರ್ಷವರ್ಷವೂ ಡಿಸೆಂಬರಿನಲ್ಲಿ ತೋರಿಸತೊಡಗಿದ ಮೇಲೆ ಅದು ಮನೆಮನೆಯ ಚಿತ್ರವಾಯಿತು. 1971ರಲ್ಲಿ ರಿಚರ್ಡ್ ವಿಲಿಯಮ್ಸ್ ಅದೇ ಕಥೆಯನ್ನು ಕಾರ್ಟೂನ್ ಚಿತ್ರ ಮಾಡಿದಾಗ ಸ್ಕ್ರೂಜನಿಗೆ ಸ್ವರ ಕೊಟ್ಟವನು ಪುನಃ ಸಿಮ್. ಆ ಚಿತ್ರಕ್ಕೆ ಆಸ್ಕರ್ ಬಂತು. ಬೀನ್ಸಿಗೆ ಕೊಡದ ಸ್ವರವನ್ನು ಡಿಕನ್ಸನಿಗೆ ಎರಡನೆಯ ಸಲವೂ ಕೊಟ್ಟ.

‘ಸ್ಕ್ರೂಜ್’ ಚಿತ್ರದಲ್ಲಿ ಎಳೆಯ ಸ್ಕ್ರೂಜನಾಗಿ ಬರುವವನು ಜಾರ್ಜ್ ಕೋಲ್. ಇವನ ಕಥೆಯನ್ನೂ ಹೇಳಬೇಕು. ಲಂಡನ್ನಿನ ಬಡವರ ಮನೆಯ ಹುಡುಗ. ಎಳೆಗೂಸಾಗಿದ್ದಾಗ ದತ್ತು ಹೋದವನು. 1940ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಸಿಮ್‌ನೊಡನೆ ‘ಕಾಟೇಜ್ ಟು ಲೆಟ್’ ನಾಟಕದಲ್ಲಿ ನಟಿಸಿದ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲ. ಸಿಮ್ ದಂಪತಿಗಳು ಹುಡುಗನನ್ನು ಹಳ್ಳಿಯ ತಮ್ಮ ಮನೆಗೆ ಕರೆದುಕೊಂಡು ಹೋದರು. ಸಿಮ್ ಅವನಿಗೆ ಮಾತಾಡಲು ಕಲಿಸಿದ, ನಿಲ್ಲಲು ಕಲಿಸಿದ. ಮುಂದೆ ಎಷ್ಟೋ ಚಿತ್ರಗಳಲ್ಲಿ ಇಬ್ಬರೂ ಜೊತೆಯಾಗಿ ಕಾಣಿಸಿಕೊಂಡರು. ದೊಡ್ಡವನಾಗಿ ಮದುವೆಯಾದ ಮೇಲೂ ಕೋಲ್ ಮನೆ ಕಟ್ಟಿದ್ದು ಸಿಮ್‌ನ ಮನೆಯ ಹತ್ತಿರದಲ್ಲೇ. 1979ರಿಂದ ‘ಮೈಂಡರ್’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಹೆಸರು ಮಾಡಿ, 2015ರಲ್ಲಿ ತೀರಿಕೊಂಡ. ಗಿಲ್ಲಿ ಮಾಸ್ತರನಿಗೆ ದಕ್ಕದ ಶಿಷ್ಯ ಸಿಮ್ ಮಾಸ್ತರನಿಗೆ ದಕ್ಕಿದ್ದ.

ಹಸ್ತಾಕ್ಷರ ಕೊಡದವನು

ಇಷ್ಟು ಜನಪ್ರಿಯನಾದ ನಟ ಅಭಿಮಾನಿಗಳಿಗೆ ಹಸ್ತಾಕ್ಷರ ಕೊಡುತ್ತಿರಲಿಲ್ಲ. ಪತ್ರಿಕೆಯವರಿಗೆ ಸಂದರ್ಶನ ಕೊಟ್ಟದ್ದೂ ಬಹಳ ಅಪೂರ್ವ. ನಾನು ಮಾಡುವುದನ್ನೆಲ್ಲ ರಂಗದ ಮೇಲೆ, ತೆರೆಯ ಮೇಲೆ ಮಾಡಿದ್ದೇನೆ. ಮೆಚ್ಚುವುದಾದರೆ ಅದನ್ನು ಮೆಚ್ಚಿ, ಬೈಯುವುದಾದರೆ ಅದನ್ನು ಬೈಯಿರಿ, ನನ್ನ ಮನೆಯ ಬಾಗಿಲಿಗೆ ಬರಬೇಡಿ ಎಂಬುದು ಅವನ ನಿಲುವು. ಅಹಂಕಾರವೆಂದು ಕೆಲವರು ತಿಳಿದರು. ಇರಲೂಬಹುದು. ಪುಸ್ತಕ ಹಿಡಿದು ಬಂದ ಮಗುವಿಗೆ ಹೆಸರು ಬರೆದುಕೊಟ್ಟರೆ ಏನು ಗಂಟು ಹೋಗುತ್ತಿತ್ತು ಎಂದು ನನಗೂ ಅನಿಸಿದ್ದುಂಟು. ಆದರೆ ಜಾಹೀರಾತಿನ ಮೊಕದ್ದಮೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಮನುಷ್ಯ ಒಂದೇ ನೇರದಲ್ಲಿ ನಡೆದವನು ಎಂದು ತಿಳಿಯುತ್ತದೆ.

ಸನ್ಮಾನಗಳು ಬಂದವು. 1948ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಇವನನ್ನು ತಮ್ಮ ರೆಕ್ಟರ್ ಆಗಿ ಆರಿಸಿದರು. ಇದು ಚುನಾವಣೆಯಿಂದ ಬರುವ ಗೌರವ. ಸೋತ ಎದುರಾಳಿ ಯಾರು ಬಲ್ಲಿರಾ? 1957ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಹೆರಾಲ್ಡ್ ಮ್ಯಾಕ್‌ಮಿಲನ್! ಮೂವತ್ತು ವರ್ಷದ ಹಿಂದೆ ರಸಾಯನ ಶಾಸ್ತ್ರವನ್ನು ಅರ್ಧಕ್ಕೆ ಬಿಟ್ಟು ಹೋದ ವಿಶ್ವವಿದ್ಯಾನಿಲಯಕ್ಕೆ ದರ್ಜಿಯ ಮಗ ಹೀಗೆ ಮರಳಿದ. 1951ರಲ್ಲಿ ಅಲ್ಲಿಂದಲೇ ಗೌರವ ಡಾಕ್ಟರೇಟ್. 1953ರಲ್ಲಿ ಸಿ.ಬಿ.ಇ. ಪದವಿ ಬಂತು, ಸ್ವೀಕರಿಸಿದ. ಎಪ್ಪತ್ತರ ದಶಕದ ಆರಂಭದಲ್ಲಿ ‘ಸರ್’ ಪದವಿಯ ಮಾತು ಬಂದಾಗ ಬೇಡವೆಂದ.

1960ರ ‘ದ ಮಿಲಿಯನೇರೆಸ್’ ಚಿತ್ರದಲ್ಲಿ ಸೋಫಿಯಾ ಲೊರೆನ್‌ಳ ವಕೀಲನಾಗಿ ಬಂದ ಮೇಲೆ ಸುಮಾರು ಹತ್ತು ವರ್ಷ ಚಲನಚಿತ್ರವನ್ನು ಬಿಟ್ಟಂತೆಯೇ ಇದ್ದ. ಕಾಲ ಬದಲಾಗಿತ್ತು. ಕಾರ್ಖಾನೆಯ ಹುಡುಗರ, ಅಡುಗೆಮನೆಯ ಜಗಳಗಳ ಚಿತ್ರಗಳು ಬಂದಿದ್ದವು. ಅವುಗಳಲ್ಲಿ ಈ ಜೋಲುಮುಖದವನಿಗೆ ಸ್ಥಳವಿರಲಿಲ್ಲ. ಆತ ದುಃಖಪಟ್ಟಂತೆ ಕಾಣುವುದಿಲ್ಲ. 1962ರಲ್ಲಿ ಓಲ್ಡ್ ವಿಕ್‌ನಲ್ಲಿ ಪ್ರಾಸ್ಪೆರೋ, 1964ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಶೈಲಾಕ್. ಮಕ್ಕಳ ನಾಟಕ ‘ಪೀಟರ್ ಪ್ಯಾನ್’ನ ಕ್ಯಾಪ್ಟನ್ ಹುಕ್ ಆಗಿ 1941ರಲ್ಲಿ ಮೊದಲು ಬಂದವನು 1968ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಮತ್ತೊಮ್ಮೆ ಕಬ್ಬಿಣದ ಕೊಕ್ಕೆ ಕಟ್ಟಿಕೊಂಡು ಕುಣಿದ. 1969ರಲ್ಲಿ ಚಿಚೆಸ್ಟರಿನಲ್ಲಿ ಪಿನೆರೋನ ‘ದ ಮ್ಯಾಜಿಸ್ಟ್ರೇಟ್’, 1973ರಲ್ಲಿ ಅದೇ ಪಿನೆರೋನ ‘ಡ್ಯಾಂಡಿ ಡಿಕ್’. ಟೆಲಿವಿಷನ್ನಿನಲ್ಲಿ 1967ರಿಂದ ಕೆಲವು ವರ್ಷ ನ್ಯಾಯಾಧೀಶ ಸ್ವಾಲೋ ಆಗಿ ಕುಳಿತು ವಿಚಿತ್ರ ಮೊಕದ್ದಮೆಗಳನ್ನು ಕೇಳಿದ. ಸ್ವಂತ ಮೊಕದ್ದಮೆ ಸೋತವನಿಗೆ ಈ ಕುರ್ಚಿಯಲ್ಲಿ ಕೂರುವಾಗ ಒಳಗೊಳಗೆ ನಗು ಬಂದಿರಬೇಕು.

1976ರ ಆಗಸ್ಟ್ 19ರಂದು ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ಅಲೆಸ್ಟರ್ ಸಿಮ್ ತೀರಿಕೊಂಡ. ಆ ವರ್ಷವೂ ಅವನು ಅಭಿನಯಿಸಿದ ಚಿತ್ರಗಳು ಬಿಡುಗಡೆಯಾಗಿದ್ದವು. ಅವನು ಹುಟ್ಟಿದ ಲೋದಿಯನ್ ರಸ್ತೆಯ ಜಾಗದಲ್ಲಿ 2008ರಲ್ಲಿ ಒಂದು ನೆನಪಿನ ಫಲಕವನ್ನು ಹಾಕಿದರು. ಫಲಕವಿರುವುದು ಫಿಲ್ಮ್‌ಹೌಸ್ ಎಂಬ ಚಿತ್ರಮಂದಿರದ ಹೊರಗೆ.